ಅಡ್ಡಗೆರೆಯಾದ ಪಾಲುಪಟ್ಟಿ

ಕಂಪಲಾಪುರದ ನೀಲಾಂಬಿಕೆ ಪಿರಿಯಾಪಟ್ಟಣದ ಬಸ್‌ ಸ್ಟ್ಯಾಂಡಿನೆದುರು ಸ್ವಂತ ದುಡಿಮೆಯಲ್ಲಿ ಡಿಟಿಪಿ ಅಂಗಡಿ ಇಟ್ಟವಳು. ಅವಳ ಟೈಪಿನಲ್ಲಿ ತಪ್ಪು ಹುಡುಕಿದವರಿಲ್ಲ. ಎರಡು ಸಾವಿರದ ಮೂರರಲ್ಲಿ ಹೊಸ ಕಂಪ್ಯೂಟರ್‌ ಕೊಂಡು, ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದೆಂದು ಮಕ್ಕಳಂತೆ ಹಿಗ್ಗಿದಳು.

ಆಗ ಮಂಚಯ್ಯ ಮತ್ತು ಅವನ ತಮ್ಮ ಸಣ್ಣಯ್ಯ ಪಾಲಾಗುತ್ತಿದ್ದರು. ಅವರ ಮನೆತನದಲ್ಲಿ ಸಹಿಯಾಗದ ಪಾಲುಪಟ್ಟಿಯನ್ನು ಇಟ್ಟುಕೊಳ್ಳುವಂತಿಲ್ಲ. ಹಿರಿಯರ ಮುಂದೆ ಓದಿಸಿ ಒಲೆಗೆ ಹಾಕಬೇಕು. ನೀಲಾಂಬಿಕೆ ಟೈಪು ಮಾಡಿಕೊಟ್ಟ ಮೊದಲ ಕರಡಿನಲ್ಲಿ ಕೊಳವೆಬಾವಿ ಅಣ್ಣನಿಗೆ ಎಂದಿತ್ತು. ಮೂರು ತಿಂಗಳು ಕಿತ್ತಾಡಿದ ಮೇಲೆ ಕೊನೆಯ ಕರಡಿನಲ್ಲಿ ಇಬ್ಬರಿಗೂ ಎಂದಾಯಿತು. ಸಹಿಯ ದಿನ ಇನ್ನೂ ಬಂದಿರಲಿಲ್ಲವಾದ್ದರಿಂದ ಎರಡು ಕಾಗದವೂ ಒಲೆ ಸೇರಿದವು. ಇನ್ನುಳಿದದ್ದು ನೀಲಾಂಬಿಕೆಯ ಕಂಪ್ಯೂಟರಿನಲ್ಲಿ ಮಾತ್ರ.

ಹಾಳಾದ್ದು, ಅಲ್ಲೇ ಎಡವಟ್ಟಾಯಿತು. ತಿದ್ದಿದ ಪ್ರತಿಗಳನ್ನೆಲ್ಲ ಕಾಪಾಡಲೆಂದು ಅವಳು ಹಾಕಿಸಿದ್ದ ಸಾಫ್ಟ್‌ವೇರಿಗೆ ಇಂಗ್ಲಿಷ್‌ ಅಕ್ಷರ ಬಿಟ್ಟರೆ ಬೇರೇನೂ ತಿಳಿಯದು. ಕನ್ನಡದ ಹೆಸರು ಕಂಡಲ್ಲೆಲ್ಲ ಅದನ್ನು ತೆಗೆದು ಒಂದು ಅಡ್ಡಗೆರೆ ಎಳೆಯಿತು. ಎರಡು ಕರಡಿಗೂ ಒಂದೇ ಹೆಸರಾಗಿ, ಕೊನೆಗೆ ನಕಲಾದ ಹಳೆಯದು ಹೊಸದರ ಮೇಲೆ ಕೂತು ಅದನ್ನು ಅಳಿಸಿಹಾಕಿತು. ಉಳಿದದ್ದರಲ್ಲಿ ಅಣ್ಣತಮ್ಮಂದಿರ ಹೆಸರು ನೋಡಿದ ನೀಲಾಂಬಿಕೆ ಮುಂದೆ ಓದದೆ ಪ್ರಿಂಟು ತೆಗೆದಳು.

ಸಹಿಯ ದಿನ ಸಣ್ಣಯ್ಯ ಅಂಗಡಿಯಲ್ಲೇ ಅಣ್ಣನೆದುರು ಜೋರಾಗಿ ಓದತೊಡಗಿದ. ಕೊಳವೆಬಾವಿ ಅಣ್ಣನಿಗೆ ಎಂದಿದ್ದ ಸಾಲಿಗೆ ಬಂದು ನಿಂತ. ಅದು ಹಳೆಯ ಕರಡೆಂದು ನೀಲಾಂಬಿಕೆಗೆ ಹೊಳೆಯಿತು. ತಪ್ಪು ನನ್ನದು ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ನಾಳೆಯಿಂದ ಈ ಅಂಗಡಿಗೆ ಯಾರು ಬಂದಾರು ಎಂದು ಹೆದರಿ ನುಂಗಿಕೊಂಡಳು.

“ಈ ಯಮ್ಮನ್ನೂ ಕೊಂಡ್ಕಂಡ್ಯೇನ್ಲಾ?” ಎಂದ ಸಣ್ಣಯ್ಯ ಅಣ್ಣನ ಕೆನ್ನೆಗೆ ಬಾರಿಸಿದ. ಮಂಚಯ್ಯ ಕುರ್ಚಿಯೆತ್ತಿ ತಮ್ಮನ ಹಣೆ ಒಡೆದ. ರಕ್ತ ಕಣ್ಣಿಗಿಳಿಯುತ್ತಿದ್ದಂತೆ ಸಣ್ಣಯ್ಯ ಹೊರಗೆ ನುಗ್ಗಿ, ಎಳನೀರಿನ ಗಾಡಿಯಿಂದ ಮಚ್ಚು ಕಿತ್ತುಕೊಂಡು ಬಂದು ಬೀಸಿದ. ಅಡ್ಡ ಹಿಡಿದ ಮಂಚಯ್ಯನ ಬಲಗೈ ಮಣಿಕಟ್ಟಿನಲ್ಲಿ ತುಂಡಾಗಿ ಕೀಬೋರ್ಡಿನ ಮೇಲೆ ಬಿತ್ತು.

ಆಗ ಅವಳಿಗೆ ಬಾಯಿ ಬಂತು. ತಪ್ಪು ನನ್ನದೇ, ಹಳೇ ಕರಡು ಕೊಟ್ಟುಬಿಟ್ಟೆ ಎಂದು ಕಿರುಚಿದಳು. ಸಣ್ಣಯ್ಯನ ಕೈಯಿಂದ ಮಚ್ಚು ಜಾರಿತು.

“ಇದ್ನ ಆಗ್ಲೇ ಯಾಕಕ್ಕ ಯೋಳ್ನಿಲ್ಲ?” ಎಂದ.

ಅವನು ಜೈಲಿಗೆ ಹೋದ. ನೀಲಾಂಬಿಕೆ ಫೈಲುಗಳಿಗೆ ಹೆಸರಾಗಿ ಅಂಕಿಗಳನ್ನೇ ಇಡತೊಡಗಿದಳು. ಕೊನೆಯ ಕರಡನ್ನು ನೆನಪಿನಿಂದ ಮತ್ತೆ ಟೈಪು ಮಾಡಿ, ತಾನೇ ಮಂಚಯ್ಯನ ಮನೆಗೆ ಒಯ್ದಳು. ಅಂದದ ಸಹಿಗೆ ಊರಿನಲ್ಲೆಲ್ಲ ಹೆಸರಾಗಿದ್ದವನು ಅವನು. ಇಂಕಿನ ಪ್ಯಾಡು ಮುಂದಿಟ್ಟು, ಅವನ ಎಡಗೈ ಹೆಬ್ಬೆಟ್ಟನ್ನು ಅವಳೇ ಹಿಡಿದು ಒತ್ತಿಸಿದಳು.