ಎರಡನೆಯ ಸೂಜಿ

ಭೀಮರಾಯ, ಆ ಕೌದಿಯಲ್ಲಿದ್ದ ಎರಡನೆಯ ಸೂಜಿ ನನ್ನದು. ನಿನಗೆ ಗೊತ್ತಿರುವ ಮಾತೇ. ಊರಿಗೆ ಗೊತ್ತಿಲ್ಲ— ಐವತ್ತು ವರ್ಷ ನಾನು ಗೊತ್ತಾಗಗೊಡಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಹೊಸತು. ಶಾಲೆಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಬಂದಿತ್ತು. ಮಾಸ್ತರರು ಸಾಲದೆ ನಮ್ಮಂಥ ಇಪ್ಪತ್ತೆರಡರ ಹುಡುಗರನ್ನೂ ಕರೆದು ಕುರ್ಚಿ ಕೊಟ್ಟಿದ್ದರು. ಶಹಾಪುರದಲ್ಲಿ ನಿನಗೂ ನನಗೂ ಒಂದೇ ಕೋಣೆ. ನಾನು ಕೆಂಭಾವಿಯಲ್ಲಿ ಅಜ್ಜಿಯ ಮಗ್ಗುಲಿಗೆ ಕುಳಿತು, ಹಳೆಯ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯಲು ಕಲಿತವನು. ಮೀಸೆ ಬಂದ ಮೇಲೂ ಆ ಹುಚ್ಚು ಬಿಡಲಿಲ್ಲ. ಗಂಡಸಿಗೆ ಇದೆಂಥ ಚಟ ಎಂದು ನನಗೇ ನಾಚಿಕೆ. ಸೂಜಿ-ದಾರವನ್ನು ಕಳ್ಳಮಾಲಿನಂತೆ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದೆ. ಒಂದು ದಿನ ಅದು ನಿನ್ನ ಕೈಗೆ ಸಿಕ್ಕಿತು. ನೀನು ನಕ್ಕರೆ ಸತ್ತೇ ಹೋಗುತ್ತೇನೆ ಅಂದುಕೊಂಡೆ.

"ನಮ್ಮ ಮನ್ಯಾಗ ಕುರಿ ಕಾಯೋ ಗಂಡಸ್ರೆಲ್ಲ ಉಣ್ಣಿ ನೂಲ್ತಾರ. ಸೂಜಿ ಹಿಡದ್ರ ಕೈ ಸವಿತಾವೇನು? ನನಗೂ ಕಲಸೋ," ಎಂದೆ ನೀನು.

ಅಂದಿನಿಂದ ಪ್ರತಿ ರವಿವಾರ ಮಧ್ಯಾಹ್ನ ಕೌದಿಯನ್ನು ನೆಲಕ್ಕೆ ಹಾಸಿ, ನೀನೊಂದು ಅಂಚಿನಿಂದ ನಾನೊಂದು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಿದ್ದೆವು. ನಿನ್ನ ಹೊಲಿಗೆ ದಾರಿ ತಪ್ಪಿದ ಕುರಿಯಂತೆ ಎತ್ತಲೋ ಹೋಗುತ್ತಿತ್ತು. ನಾನು ಬೈದು ಬಿಚ್ಚಿಸುತ್ತಿದ್ದೆ. ಅಷ್ಟು ಖುಷಿ ನನಗೆ ಆಮೇಲೆಂದೂ ಸಿಗಲಿಲ್ಲ.

ಅಂಥದೊಂದು ರವಿವಾರ, ನನಗೆ ನೋಡಿದ್ದ ಹೆಣ್ಣಿನ ತಂದೆ ಗುರುಮಠಕಲ್ಲಿನಿಂದ ಹೇಳದೆ ಕೇಳದೆ ಬಂದುಬಿಟ್ಟರು— ವರನ ನಡತೆ ನೋಡಲು. ನಮ್ಮಿಬ್ಬರ ನಡುವೆ ಹಾಸಿದ ಕೌದಿ.

"ಇದು ಯಾರ್ದು?" ಎಂದರು.

ನನ್ನ ನಾಲಿಗೆ ನನಗಿಂತ ಮೊದಲು ಓಡಿತು. "ಇವಂದ್ರಿ. ಇವಗ ಹೆಂಗಸ್ರಂಗ ಹೊಲಿಯೋ ಚಟ ಅದ." ಅಷ್ಟಕ್ಕೇ ನಿಲ್ಲಲಿಲ್ಲ— ನಕ್ಕೆ.

ಅವರು ಬಗ್ಗಿ ನೋಡಿದರು. "ಸೂಜಿ ಎರಡದಾವಲ್ಲ?"

ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ನೀನು ನನ್ನ ಮುಖ ನೋಡಿದೆ. ಆಮೇಲೆ ನೀನೇ ಹೇಳಿದೆ— "ಎರಡೂ ನನ್ನವೇ ಅದಾವ್ರಿ."

ವಾರದೊಳಗೆ ಸುದ್ದಿ ಶಾಲೆ ಮುಟ್ಟಿತು. ಮಕ್ಕಳು ಹಲಗೆಯ ಮೇಲೆ ನಿನಗೆ ಸೀರೆ ಉಡಿಸಿ ಚಿತ್ರ ಬರೆದರು. ಉಳಿದ ಮಾಸ್ತರರು 'ಭೀಮವ್ವ' ಎಂದು ಕರೆದರು. ಅವರ ಜೊತೆ ನಾನೂ— ಹೌದು, ನಾನೂ ಕರೆದೆ, ಒಂದು ಸಲ, ನಿನಗೆ ಕೇಳಿಸುವಂತೆ. ನಿನಗೆ ನಿಶ್ಚಯವಾಗಿದ್ದ ಮದುವೆ ಮುರಿಯಿತು. ನೀನು ವರ್ಗ ಕೇಳಿಕೊಂಡು ಶಿರವಾಳಕ್ಕೆ ಹೋದೆ. ಮದುವೆಯಾಗಲೇ ಇಲ್ಲವಂತೆ, ಅಣ್ಣನ ಮಕ್ಕಳ ಜೊತೆ ಇದ್ದೀಯಂತೆ.

ನನ್ನ ಮದುವೆ ಸಾಂಗವಾಗಿ ನಡೆಯಿತು. ಮತ್ತೆ ಸೂಜಿ ಮುಟ್ಟಲಿಲ್ಲ. ಪ್ರತಿ ಬೇಸಿಗೆ ಹೆಂಡತಿ ಒಬ್ಬಳೇ ಕುಳಿತು ಕೌದಿ ಹೊಲಿಯುವಳು. ನಾನು ಪೇಪರಿನ ಮರೆಯಿಂದ ಅವಳ ಕೈಯನ್ನೇ ನೋಡುವೆ. ಹೋದ ವಾರ ತಡೆಯಲಾರದೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು, "ನನಗೂ ಜೊತಿ ಬೇಕಾಗಿತ್ತಲ್ರಿ," ಅಂದಳು.

ಹುಡುಗುತನ, ಕಾಲ ಹಾಗಿತ್ತು, ಅಂತೆಲ್ಲ ನೆಪ— ಬೇಡ. ಅದೇ ಕಾಲದಲ್ಲಿ ನೀನೂ ಇದ್ದೆ, ನನ್ನದೇ ವಯಸ್ಸಿನವನು.

ಸೋಮವಾರದ ಬಸ್ಸಿಗೆ ಶಿರವಾಳಕ್ಕೆ ಬರುತ್ತಿದ್ದೇನೆ. ನಿನ್ನ ಅಣ್ಣನ ಮಕ್ಕಳಿಗೂ ಓಣಿಯವರಿಗೂ ಕೇಳಿಸುವಂತೆ, ಆ ಸೂಜಿ ನನ್ನದೆಂದು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಹೇಳಿದ ಮೇಲೆ ನೀನು ಹೋಗು ಅಂದರೆ, ಹೋಗುತ್ತೇನೆ.