ಇಲ್ಲದ ಹುದ್ದೆಗೆ ಬಂದ ಅರ್ಜಿ

ಸಿಂಧನೂರಿನಲ್ಲಿ ಗೊಬ್ಬರದಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಅಮೆರಿಕದ ಕಂಪನಿಗಳಿಗೆ ಕೆಲಸಗಾರರನ್ನು ಹುಡುಕಿಕೊಡುವ ಸಂಸ್ಥೆಯೊಂದಕ್ಕೆ ನಾವು ನಾಲ್ಕು ಮಂದಿ ಅಲ್ಲಿ ಕೂತು ದುಡಿಯುತ್ತಿದ್ದೆವು. ಲಿಂಗಸುಗೂರಿನಲ್ಲಿ ಬಿ.ಕಾಂ. ಮುಗಿಸಿದ ನಾನು ಮಸ್ಕಿಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಅರ್ಜಿಗಳು ಸಾಲುಗಟ್ಟಿ ಕಾಯುತ್ತಿರುತ್ತಿದ್ದವು. ಅವನ್ನು ಓದಿ, ವಿಂಗಡಿಸಿ, ಉತ್ತರ ಕಳಿಸುವುದು ನನ್ನ ಪಾಲಿನ ಕೆಲಸ.

ಅಮೆರಿಕದ ಯಾವುದೋ ಸಣ್ಣ ಊರಿನ ಆಸ್ಪತ್ರೆಗೆ ಲೆಕ್ಕದ ಗುಮಾಸ್ತರು ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ಪ್ರತಿ ಸೋಮವಾರ ನಾನೇ ಹೊಸದಾಗಿ ಹಾಕುತ್ತಿದ್ದೆ. ತಿಂಗಳುಗಳು ಕಳೆದರೂ ಒಬ್ಬರನ್ನೂ ಸಂದರ್ಶನಕ್ಕೆ ಕರೆಯಲಿಲ್ಲ. ಒಂದು ದಿನ ಮ್ಯಾನೇಜರನ್ನು ಕೇಳಿಯೇಬಿಟ್ಟೆ.

"ಆ ನೌಕರಿ ಎಲ್ಲೈತ್ರಿ ಮೇಡಮ್?" ಎಂದು ಅವರು ನಕ್ಕರು. "ಅರ್ಜಿ ಬರ್ತಾ ಇರಬೇಕು, ಅಷ್ಟ. ನಾಳೆ ಯಾರರ ಮಂದಿ ಬೇಕು ಅಂದ್ರ ನಮ್ಮ ಹತ್ರ ಪಟ್ಟಿ ತಯಾರ ಇರಬೇಕಲ್ರಿ. ಅಲ್ಲೆಲ್ಲಾ ಈಗ ಹಿಂಗಽ ನಡಿಯಾಕತ್ತೈತಿ."

ನಾನೂ ನಕ್ಕೆ. ಮುಂದಿನ ಸೋಮವಾರ ಜಾಹೀರಾತು ಮತ್ತೆ ಹಾಕಿದೆ.

ಆ ವಾರವೇ ಅಮೆರಿಕದವನೊಬ್ಬನ ಅರ್ಜಿ ಬಂತು. ಐವತ್ತೇಳು ವರ್ಷದವನು. ಪೀಠೋಪಕರಣದ ಕಾರ್ಖಾನೆಯಲ್ಲಿ ದಾಸ್ತಾನಿನ ಲೆಕ್ಕ ಬರೆದುಕೊಂಡಿದ್ದನಂತೆ; ಕಾರ್ಖಾನೆ ಮುಚ್ಚಿತ್ತು. ಎಷ್ಟು ಕಡೆ ಅರ್ಜಿ ಹಾಕಿದರೂ 'ಇಲ್ಲ' ಎನ್ನುವಷ್ಟು ಸೌಜನ್ಯವೂ ಯಾರಿಗೂ ಇರಲಿಲ್ಲ ಎಂದು ಬರೆದಿದ್ದ. ಎಲ್ಲರಿಗೂ ಕಳಿಸುವ ಎರಡು ಸಾಲಿನ ಉತ್ತರ ನಮ್ಮಲ್ಲಿ ಸಿದ್ಧವಿತ್ತು. ಅದರ ಕೆಳಗೆ ನಾನು ನನ್ನದೇ ಎರಡು ಸಾಲು ಸೇರಿಸಿದೆ: ನಿಮ್ಮ ಅನುಭವ ಈ ಹುದ್ದೆಗೆ ಚೆನ್ನಾಗಿ ಹೊಂದುತ್ತದೆ, ದಯವಿಟ್ಟು ತಾಳ್ಮೆಯಿಂದಿರಿ.

ಕನಿಕರದಿಂದ ಬರೆದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಒಬ್ಬ ಅಮೆರಿಕದವನು ನನ್ನ ಇಂಗ್ಲಿಷಿಗೆ ಕೈಮುಗಿದು ಉತ್ತರ ಬರೆಯುತ್ತಾನಲ್ಲ ಎಂಬ ಹಿಗ್ಗೂ ಇತ್ತು. ಅವನು ವಾರಕ್ಕೊಮ್ಮೆ ಬರೆಯುತ್ತಿದ್ದ. ನಾನೂ ಪ್ರತಿ ಸಲ ಒಂದು ಒಳ್ಳೆಯ ಮಾತು ಸೇರಿಸಿ ಕಳಿಸುತ್ತಿದ್ದೆ.

ಎರಡು ತಿಂಗಳಾದ ಮೇಲೆ ಬಂದ ಪತ್ರದಲ್ಲಿ ಅವನು ನನಗೆ ಧನ್ಯವಾದ ಹೇಳಿದ್ದ. ಗೋದಾಮೊಂದರಲ್ಲಿ ಕೆಲಸ ಸಿಕ್ಕಿತ್ತಂತೆ. ನಿಮ್ಮ ಮಾತಿನ ಮೇಲೆ ಭರವಸೆಯಿಟ್ಟು ಅದನ್ನು ಬೇಡ ಎಂದೆ, ಹೆಂಡತಿ ಸಿಟ್ಟಾದಳು, ಅವಳಿಗೂ ನಿಮ್ಮ ಪತ್ರ ತೋರಿಸಿದೆ ಎಂದಿದ್ದ.

ಓದಿದವಳೇ ಕಂಪ್ಯೂಟರಿನ ಪರದೆ ಆರಿಸಿದೆ. ಪಕ್ಕದ ಹುಡುಗಿ "ಯಾಕಕ್ಕ, ಮಾರಿ ಹಿಂಗ್ಯಾಕಾತು?" ಎಂದಳು. ತಲೆನೋವು ಎಂದೆ.

ಒಂಬತ್ತು ದಿನ ಉತ್ತರ ಬರೆಯಲಿಲ್ಲ. ಮಸ್ಕಿಯಲ್ಲಿ ಅಪ್ಪನದು ಟೇಲರ್ ಅಂಗಡಿ. ಭಾನುವಾರ ಅಲ್ಲಿ ಕೂತು ಅಂಗಿಯೊಂದಕ್ಕೆ ಗುಂಡಿಯ ಕಾಜಾ ಹಾಕುತ್ತಿದ್ದಾಗ ತಡೆಯಲಾಗದೆ ಎಲ್ಲ ಹೇಳಿದೆ. ಅಪ್ಪ ಮಶೀನು ನಿಲ್ಲಿಸಿ ಕೇಳಿಸಿಕೊಂಡರು.

"ನೌಕರಿ ಇಲ್ಲಂತ ನಿನಗ ಮೊದ್ಲಽ ಗೊತ್ತಿತ್ತೇನು?"

"ಗೊತ್ತಿತ್ತಪ್ಪ."

"ಅಂವಗ ಈಗರ ಹೇಳೀಯಿಲ್ಲೋ?"

"ಇಲ್ಲ."

"ಮತ್ತ ಅಂವ ಇನ್ನೂ ದಾರಿ ನೋಡಾಕತ್ತಾನಲ್ಲವ್ವಾ!"

ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ. ಅವರು ನನ್ನ ಮುಖ ನೋಡದೆ, ನನ್ನ ಕೈಯಲ್ಲಿದ್ದ ಅಂಗಿಯನ್ನು ತೆಗೆದುಕೊಂಡು ಉಳಿದ ಕಾಜಾಗಳನ್ನು ತಾವೇ ಹಾಕತೊಡಗಿದರು.

ಅಲ್ಲೇ ಕೂತು ನನ್ನ ಸ್ವಂತ ಇ-ಮೇಲಿನಿಂದ ಅವನಿಗೆ ಬರೆದೆ. ಆ ಹುದ್ದೆ ಸಿಗುವುದಿಲ್ಲ, ಗೋದಾಮಿನವರನ್ನು ಮತ್ತೆ ಕೇಳಿ ನೋಡಿ, ಕ್ಷಮಿಸಿ. ಮರುದಿನ ಉತ್ತರ ಬಂತು. ಗೋದಾಮಿನಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ಕೊನೆಗೆ ಒಂದೇ ಪ್ರಶ್ನೆ: ಆ ಹುದ್ದೆ ಯಾವಾಗಲಾದರೂ ನಿಜವಾಗಿ ಇತ್ತೇ?

ಇರಲಿಲ್ಲ ಎಂದು ಬರೆದೆ. ಅವನು ಮತ್ತೆ ಬರೆಯಲಿಲ್ಲ.

ಇಲ್ಲಿಗೆ ಮುಗಿಸಿದರೆ ನಾನು ತಪ್ಪೊಪ್ಪಿಕೊಂಡ ಒಳ್ಳೆಯವಳಾಗಿ ಕಾಣುತ್ತೇನೆ. ಆದರೆ ನಾನು ಆ ಕೆಲಸ ಬಿಡಲಿಲ್ಲ. ಇನ್ನೂ ಐದು ತಿಂಗಳು ಮಾಡಿದೆ. ಅರ್ಜಿ ಓದುವುದಕ್ಕೆ ಕಂಪ್ಯೂಟರೇ ಸಾಕು ಎಂದು ಅಮೆರಿಕದವರು ನಮ್ಮ ನಾಲ್ವರನ್ನೂ ತೆಗೆದುಹಾಕಿದ ಮೇಲೆಯೇ ನಾನು ಹೊರಬಂದದ್ದು. ಈಗ ಲಿಂಗಸುಗೂರಿನ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಚೀಟಿ ಬರೆಯುತ್ತೇನೆ. ಆ ಐದು ತಿಂಗಳು ನಾನು ಮಾಡಿಕೊಂಡ ಬದಲಾವಣೆ ಒಂದೇ: ಅರ್ಜಿಗಳ ಜೊತೆ ಬರುತ್ತಿದ್ದ ಪತ್ರಗಳನ್ನು ಓದುವುದನ್ನು ನಿಲ್ಲಿಸಿದೆ.