ಶಿರಗುಪ್ಪಿಯ ಎತ್ತರದ ಕಂಬ

ಅಂಕಿ-ಸಂಖ್ಯೆ ಕಂಡರೆ ಆಕಳಿಸುವವರಲ್ಲಿ ನಾನೂ ಒಬ್ಬಳು. ಅಂಥ ನನಗೇ ನಮ್ಮ ಹೆಡ್‌ಮಾಸ್ತರರು ನಕ್ಷೆ ಬರೆಯುವ ಕೆಲಸ ಹಚ್ಚಿದರು. ಅರವತ್ತರ ದಶಕದ ಆರಂಭ. ಹುಬ್ಬಳ್ಳಿಯಿಂದ ದಿನಾ ಬಸ್ಸು ಹಿಡಿದು ಶಿರಗುಪ್ಪಿಯ ಶಾಲೆಗೆ ಕಲಿಸಲು ಹೋಗುತ್ತಿದ್ದೆ. ಹುಡುಗಿಯರು ನಾಲ್ಕನೆಯ ಇಯತ್ತೆ ಮುಗಿಸುವ ಮೊದಲೇ ಒಬ್ಬೊಬ್ಬರಾಗಿ ಶಾಲೆ ಬಿಡುತ್ತಿದ್ದರು. ಹೇಳಿದರೆ ಕೇಳದ ಪಾಲಕರು ಚಿತ್ರ ನೋಡಿಯಾದರೂ ತಿಳಿದಾರು ಎಂಬುದು ಹೆಡ್‌ಮಾಸ್ತರರ ಆಸೆ.

ಸುತ್ತಲಿನ ಊರುಗಳಿಗೆ ಒಂದೊಂದು ಕಂಬ ಬರೆದೆ. ಶಾಲೆ ಬಿಟ್ಟವರು ಹೆಚ್ಚಾದಷ್ಟೂ ಕಂಬ ಎತ್ತರ. ಶಿರಗುಪ್ಪಿಯದು ಎಲ್ಲಕ್ಕಿಂತ ಎತ್ತರ. ಸಾಲದ್ದಕ್ಕೆ ಕೆಂಪು ಬಣ್ಣ. ಪಾಲಕರ ಸಭೆಯಲ್ಲಿ ಅದನ್ನು ತೂಗುಹಾಕಿದ್ದೇ ತಡ, ಮುಂದೆ ಕುಳಿತಿದ್ದ ಹತ್ತಿ ಬೆಳೆಗಾರ ಬಸಪ್ಪ ಚಪ್ಪಾಳೆ ತಟ್ಟಿದ.

"ನೋಡ್ರಪಾ, ನಮ್ಮೂರ ಎಲ್ಲಾರಕಿಂತ ಮ್ಯಾಲ ಐತಿ!"

ಇಡೀ ಸಭೆ ತಟ್ಟಿತು. ಅವರನ್ನೇನು ಅನ್ನುವುದು? ಗೋಪುರ, ರುಮಾಲು, ಜೋಳದ ಬೆಳೆ, ನಮ್ಮಲ್ಲಿ ಎತ್ತರವಾದದ್ದಕ್ಕೆಲ್ಲ ಮರ್ಯಾದೆಯೇ. ನಾಚಿಕೆಯನ್ನು ಗೋಪುರದಂತೆ ಕಟ್ಟಿದವಳು ನಾನು!

ಮುಂದಿನ ಸಭೆಗೆ ಕಂಬಗಳನ್ನು ಬಿಟ್ಟು ಶಾಲೆಯನ್ನೇ ಬರೆದೆ. ಓದುವ ಹುಡುಗಿಯರು ಒಳಗೆ, ಬಿಟ್ಟವರು ಹೊರಗೆ. ಒಬ್ಬೊಬ್ಬಳಿಗೂ ಒಂದು ಲಂಗ, ಎರಡು ಜಡೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಸಪ್ಪ ಎದ್ದು ಹತ್ತಿರ ಬಂದ.

"ಇದರಾಗ ನಮ್ಮ ಗಂಗಿ ಯಾವಾಕಿರಿ, ಅಕ್ಕಾವ್ರ?"

ತಮ್ಮನನ್ನು ನೋಡಿಕೊಳ್ಳಲೆಂದು ಅವನ ಮಗಳನ್ನು ಆ ವರ್ಷವೇ ಶಾಲೆ ಬಿಡಿಸಿದ್ದರು. ನಾನು ಗೇಟಿನಾಚೆ ಉಳಿದವರಿಂದ ದೂರ ನಿಂತ ಒಂದು ಚಿತ್ರಕ್ಕೆ ಬೆರಳಿಟ್ಟೆ.

"ಒಬ್ಬಾಕೀನ ಯಾಕ ನಿಂತಾಳ?"

"ಆಕಿ ಗೆಳತ್ಯಾರೆಲ್ಲಾ ಒಳಗ ಅದಾರಲ್ರಿ, ಕಾಕಾ."

ಬಸಪ್ಪ ಸಭೆ ಮುಗಿಯುವ ಮೊದಲೇ ಹೊರಟುಹೋದ. ಊರ ಹಿರಿಯನ ಮನಸ್ಸು ನೋಯಿಸಿದೆನೇ ಎಂದು ಬಸ್ಸಿನಲ್ಲಿ ಉದ್ದಕ್ಕೂ ಕಳವಳಪಟ್ಟೆ.

ಸೋಮವಾರ ಗಂಗಿ ಬಂದಳು, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು. ಹಿಂದೆಯೇ ಬಸಪ್ಪ. "ಇನ್ನ ಆಕೀನ್ನ ಒಳಗ ಬರೀರಿ," ಎಂದ, ಅಪ್ಪಣೆ ಕೊಡುವವನಂತೆ. ನಾನು ಹೊರಗಿನ ಗಂಗಿಯನ್ನು ಅಳಿಸಿ ಒಳಗೆ ಬರೆದೆ.

"ತಮ್ಮನ್ನ ಬಿಟ್ಟೀರಲ್ರಿ!" ಎಂದಳು ಅವಳು. ಅವನನ್ನೂ ಅವಳ ಕಂಕುಳಿಗೇರಿಸಿದೆ. ಆ ವಾರವೇ ಇನ್ನಿಬ್ಬರು ಹುಡುಗಿಯರು, ತಮ್ಮನ್ನೂ ಒಳಗೆ ಬರೆಯಿರೆಂದು ಕೂಸುಗಳ ಸಮೇತ ಬಂದರು. ನನ್ನ ಪಾಠದ ನಡುವೆ ಅಳು, ನಗು, ತೊದಲು ಎಲ್ಲ ಸೇರಿಕೊಂಡವು.

ಕೆಲದಿನಗಳ ಬಳಿಕ ತಪಾಸಣೆಗೆ ಬಂದ ಸಾಹೇಬರು ನಕ್ಷೆಯ ಮುಂದೆ ಕನ್ನಡಕ ಸರಿಪಡಿಸಿಕೊಂಡರು.

"ಹುಡುಗ್ಯಾರ ನಕ್ಷೆದಾಗ ಈ ಕೂಸುಗಳು ಯಾವ ಇಯತ್ತೆರಿ?"

ಹೆಡ್‌ಮಾಸ್ತರರು ಕೈ ಮುಗಿದು ನಕ್ಕರು:

"ನೀವು ಬಾಲವಾಡಿ ಮಂಜೂರ ಮಾಡೂದನ್ನ ಕಾಯಾಕತ್ತಾವ್ರಿ, ಸಾಹೇಬ್ರ."